ಮೊದಲ ಪಂಕ್ತಿಯ ಕರಾರು

ಅವರ ಮೇಲೆ ನನಗೆ ಹದಿನೆಂಟು ವರ್ಷ ಕೋಪವಿತ್ತು. ಹೋದ ಆಷಾಢದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಶಾಲೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಸೀಮೆಸುಣ್ಣ ಕೆಳಗಿಟ್ಟು, ಕುರ್ಚಿಯಲ್ಲಿ ಕೂತು, ಅತ್ತುಬಿಟ್ಟೆ. ಲೆಕ್ಕ ತಪ್ಪು ಮಾಡಿದ್ದಕ್ಕೇ ಟೀಚರು ಅಳುತ್ತಿದ್ದಾರೆ ಎಂದುಕೊಂಡು ಮಕ್ಕಳು ಉಸಿರು ಬಿಗಿಹಿಡಿದು ಕೂತವು. ಯಾಕೆ ಅತ್ತೆ ಎಂದು ಸಂಜೆಯವರೆಗೂ ತಲೆ ಕೆರೆದುಕೊಂಡೆ, ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ. ಬರೆದರೆ ತಿಳಿಯಾಗುತ್ತದೆ ಎಂದು ಬರೆಯುವವರು ಹೇಳುತ್ತಾರೆ. ನನಗೇನೋ ನಂಬಿಕೆಯಿಲ್ಲ, ಆದರೂ ಬರೆಯುತ್ತಿದ್ದೇನೆ.

ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದು ಶಾಮಿಯಾನದ ಅಂಗಡಿ. ಶಾಮಿಯಾನ, ಕುರ್ಚಿ, ಟೇಬಲ್ಲು, ಅಡುಗೆಯ ಹಂಡೆ, ಕೊಳಗ, ಸೌಟು, ಎಲ್ಲವೂ ಬಾಡಿಗೆಗೆ ಸಿಗುತ್ತಿತ್ತು. ಕೆ.ಆರ್. ಪೇಟೆ ಮಾತ್ರವಲ್ಲ, ಪಾಂಡವಪುರ, ನಾಗಮಂಗಲ, ಆ ಕಡೆ ಶ್ರೀರಂಗಪಟ್ಟಣದವರೆಗೂ ಅವರ ಲಗೇಜು ಆಟೋ ಓಡುತ್ತಿತ್ತು. ಬಿಳಿ ಪಂಚೆ, ಖಾಕಿ ಅಂಗಿ, ಬಾಯಲ್ಲಿ ಅಡಿಕೆ. ಯಾವ ಕಂಬ ಕಂಡರೂ ಒಂದು ಕಣ್ಣು ಮುಚ್ಚಿ, ನೆಟ್ಟಗಿದೆಯೇ ಎಂದು ನೋಡುವುದು ಅವರ ಚಾಳಿ. ಕರೆಂಟ್ ಕಂಬವಾದರೂ ಬಿಡುತ್ತಿರಲಿಲ್ಲ. ಒಮ್ಮೆ ನಮ್ಮ ಶಾಲೆಯ ಮುಂದೆ ಹೋಗುತ್ತಿದ್ದವರು ಆಟೋ ನಿಲ್ಲಿಸಿ ಒಳಗೆ ಬಂದು, "ಟೀಚರಮ್ಮ, ನಿಮ್ಮ ಬಾವುಟದ ಕಂಬ ಕುಡ್ದೋನಂಗೆ ನಿಂತದಲ್ಲಾ, ನಿಮಗೆ ಇದನ್ನ ನೋಡ್ಕಂಡು ಅನ್ನ ಸೇರ್ತದಾ?" ಎಂದು ಕೇಳಿ, ಗಡಾರಿ ತಂದು ತಾವೇ ನೆಟ್ಟಗೆ ಮಾಡಿ ಹೋಗಿದ್ದರು. ಥ್ಯಾಂಕ್ಸ್ ಹೇಳಲೂ ನನಗೆ ಮನಸ್ಸು ಬರಲಿಲ್ಲ. ಕೋಪ ಎಂದೆನಲ್ಲ.

ನಾಲ್ಕು ತಾಲ್ಲೂಕಿನಲ್ಲಿ ಅವರಿಗೆ ಹೆಸರು ಬಂದದ್ದು ಮಾತ್ರ ಬೇರೆ ಕಾರಣಕ್ಕೆ. ಮದುವೆಗೋ ಬೀಗರೂಟಕ್ಕೋ ಶಾಮಿಯಾನ ಬೇಕು ಎಂದು ಯಾರಾದರೂ ಅಂಗಡಿಗೆ ಹೋದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ದಿನಾಂಕದ್ದಲ್ಲ. "ನಿಮ್ಮನೇಲಿ ಒಳಗೆ ಕುಂತಿರೋರು ಯಾರಾರ ಅವ್ರಾ?"

ಒಳಗೆ ಕುಂತಿರೋರು ಅಂದರೆ ನಾವು. ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳದವರು, ಬುದ್ಧಿ ಬೆಳೆಯದ ಮಕ್ಕಳು. ಮನೆಯಲ್ಲಿ ಮದುವೆ ನಡೆದರೆ ಒಳಕೋಣೆಗೇ ತಟ್ಟೆ ಬರುವಂಥವರು. ಅಂಥವರೊಬ್ಬರು ಇದ್ದಾರೆ ಎಂದರೆ ಶಾಮಿಯಾನ, ಕುರ್ಚಿ, ಪಾತ್ರೆ ಎಲ್ಲವೂ ಬಿಟ್ಟಿ. ಕರಾರು ಒಂದೇ: ಆ ಜೀವ ಮೊದಲ ಪಂಕ್ತಿಯಲ್ಲಿ, ಬೀಗರ ಎದುರಿಗೆ ಕೂತು ಉಣ್ಣಬೇಕು. ಕೂರಿಸಿದ ಹಾಗೆ ಮಾಡಿ ಎಬ್ಬಿಸಿಕೊಂಡು ಹೋಗಬಾರದು. ಅದನ್ನು ನೋಡಲು ಅವರೇ ಬಂದು, ಸಾಲಿನ ಕೊನೆಯಲ್ಲಿ ಕೈಕಟ್ಟಿ ನಿಂತು, ಮಜ್ಜಿಗೆ ಬರುವವರೆಗೂ ಅಲ್ಲಾಡುತ್ತಿರಲಿಲ್ಲ. ತಾವು ಮಾತ್ರ ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ.

ಅಂಗವಿಕಲರ ಕಲ್ಯಾಣ ಇಲಾಖೆಯ ಅಧಿಕಾರಿಯೊಬ್ಬರು, ಹಾಗೆಲ್ಲ ಒರಟಾಗಿ ಹೇಳಬಾರದು, ವಿಶೇಷಚೇತನರು ಅನ್ನಬೇಕು ಎಂದು ಅವರಿಗೆ ತಿಳಿಹೇಳಲು ನೋಡಿದರಂತೆ. "ಇಸೇಸ ಅಂದ್ರೆ ಇಸೇಸ ಎಲೆ ಆಕ್ತಾರಾ ಸಾಮಿ? ಅಂಗಾರೆ ಬ್ಯಾಡ. ಎಲ್ಲಾರ್ಗೂ ಆಕೋ ಎಲೇನೇ ಆಕ್ಲಿ," ಎಂದರಂತೆ ಇವರು.

ಆ ಮನುಷ್ಯನಿಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಕೆಲವು ಸೂಕ್ಷ್ಮ ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣು ಕಾಣದವರು ಸಾಲಿನಲ್ಲಿ ಕೂತಿದ್ದರೆ ಬಡಿಸುವವನನ್ನು ಹಿಡಿದು ನಿಲ್ಲಿಸಿ, "ಬಾಯ್ಬುಟ್ಟು ಯೋಳ್ಲಾ! ಮುದ್ದೆ ನಡೂಕೆ, ಸಾರು ಬಲಕ್ಕೆ, ಮೂಳೆ ಐತೆ ಹುಷಾರು ಅಂತ ಯೋಳು," ಎನ್ನುತ್ತಿದ್ದರು. ನೆಲದ ಮೇಲೆ ಎಲೆ ಹಾಕುತ್ತಿದ್ದ ಕಾಲದಲ್ಲಿ ಯಾರಿಗಾದರೂ ಕೆಳಗೆ ಕೂರಲು ಆಗದಿದ್ದರೆ ಅವರೊಬ್ಬರಿಗೇ ಕುರ್ಚಿ ಹಾಕಿಸುತ್ತಿರಲಿಲ್ಲ. ಇಡೀ ಸಾಲಿಗೆ ಟೇಬಲ್ಲು ಕುರ್ಚಿ ಇಳಿಸುತ್ತಿದ್ದರು. "ಒಬ್ಬಳ್ನೇ ಮ್ಯಾಲೆ ಕೂರ್ಸುದ್ರೆ ಗೊಂಬೆ ಕೂರ್ಸ್ದಂಗಾಯ್ತದೆ. ಎಲ್ಲಾರೂ ಮ್ಯಾಲೇ ಕುಂತ್ಕಳ್ಳಿ, ಏನ್ ಗಂಟು ಓಯ್ತದೆ?"

ನಾಗಮಂಗಲದ ಕಡೆಯ ಒಂದು ಬೀಗರೂಟದ ಕಥೆಯನ್ನು ಜನ ಈಗಲೂ ಹೇಳಿಕೊಂಡು ನಗುತ್ತಾರೆ. ಆ ಮನೆಯಲ್ಲಿ ಕೈಕಾಲು ಸೆಟೆದುಕೊಂಡ, ಮಾತು ತಡವರಿಸುವ ಹುಡುಗನೊಬ್ಬನಿದ್ದ. ಅವನನ್ನು ತಂದು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಇವರು ಅಡುಗೆಯ ಕಡೆ ಹೋಗಿ ಬರುವಷ್ಟರಲ್ಲಿ ಹುಡುಗ ಮಾಯ. ಅವನ ಜಾಗದಲ್ಲಿ ಬೀಗರ ಭಾವಮೈದ ಕೂತು ಮುದ್ದೆ ಮುರಿಯುತ್ತಿದ್ದಾನೆ. ಇವರು ನೇರ ಹೋಗಿ ಮೂಲೆಯ ಗೂಟದ ಹಗ್ಗ ಬಿಚ್ಚಿದರು. ಶಾಮಿಯಾನದ ಒಂದು ಮಗ್ಗುಲು ಸೊಯ್ಯನೆ ಇಳಿದು ಬೀಗರ ತಲೆಯ ಮೇಲೆ ಕೂತಿತು. ಒಳಗಿನಿಂದ ಯಾರೋ ಹಿರಿಯರು, "ಯಾವನ್ಲಾ ಅವ್ನು!" ಎಂದು ಕೂಗಿದರು. "ಆ ಮಗೀನ ಎಲೆ ಬರ್ಲಿ, ಕಂಬ ಎತ್ತಿಸ್ತೀನಿ," ಎಂದರು ಇವರು. ಎಲೆ ಬಂತು. ಹುಡುಗನೂ ಬಂದ. ಕಂಬ ಎದ್ದಿತು. ಆ ಹುಡುಗ ಎಷ್ಟು ನಕ್ಕನೆಂದರೆ ಊಟವೇ ಇಳಿಯಲಿಲ್ಲವಂತೆ.

ಇದೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ದೇವಸ್ಥಾನದ ಪೂಜಾರಿಗೆ, ಹರಕೆ ಎಂದಿದ್ದರು. ಟೀ ಅಂಗಡಿಯಲ್ಲಿ, ಮುಂದಿನ ಸಲ ಪುರಸಭೆಗೆ ನಿಲ್ಲಬೇಕು ಎಂದಿದ್ದರು, ನಿಲ್ಲಲಿಲ್ಲ. ಶ್ರೀರಂಗಪಟ್ಟಣದ ಸೇವಾಸಂಘದವರೊಬ್ಬರು ಸನ್ಮಾನ ಮಾಡಲು ಬಂದು ಕೇಳಿದಾಗ, "ಗೋಡೌನ್ನಲ್ಲಿ ಬಟ್ಟೆ ಮಡಗುದ್ರೆ ಬೂಷ್ಟು ಇಡೀತದೆ. ಬಿಟ್ಟೀನಾದ್ರೂ ಬಿಚ್ಚುದ್ರೆ ಒಸಿ ಗಾಳಿಯಾಡ್ತದೆ," ಎಂದು ಅವರ ಶಾಲು, ಹಾರ, ಭಾಷಣ ಮೂರನ್ನೂ ಒಟ್ಟಿಗೆ ಮಡಿಸಿ ಕಳಿಸಿದ್ದರು. ಪುಟ್ಟ ಮಗುವನ್ನು ಸೊಂಟದಲ್ಲಿ ಹೊತ್ತು ಬಂದು ಅಳುತ್ತಿದ್ದ ಒಬ್ಬಳು ತಾಯಿಗೆ, "ನಂಗೂ ಇಂಥೋನೇ ಒಬ್ಬ ಮಗ ಇದ್ದ ಕಣವ್ವ, ಬಂಗಾರದಂಥೋನು," ಎಂದಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ತಾಯಿ ಕಣ್ಣೊರೆಸಿಕೊಂಡು ಹೋದಳು. ಆಮೇಲೆ ಅವರ ಹೆಂಡತಿಯನ್ನು ವಿಚಾರಿಸಿದೆ. "ಅಯ್ಯೋ, ನಮಗಿರೋವು ಎರಡು ಎಣ್ಮಕ್ಕಳು, ಎರಡೂ ಚೆಂದಾಗವೆ. ಮಗ ಎಲ್ಲಿಂದ ಬಂದ?" ಎಂದು ಅವರು ನನ್ನನ್ನೇ ಕೇಳಿದರು.

ಸುಳ್ಳುಗಾರ ಎಂದು ಅಂದೇ ತೀರ್ಮಾನ ಮಾಡಿಬಿಟ್ಟೆ. ಒಳ್ಳೆಯ ಸುಳ್ಳುಗಾರನೋ ಕೆಟ್ಟ ಸುಳ್ಳುಗಾರನೋ ಎಂಬುದು ಮಾತ್ರ ಬಗೆಹರಿಯಲಿಲ್ಲ.

ಇನ್ನು ನನ್ನ ಕೋಪದ ವಿಷಯ. ನನಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಎಡಗಾಲಿನ ಶಕ್ತಿ ಹೋಯಿತು. ನಮ್ಮದು ಶೀಳನೆರೆ ಹೋಬಳಿಯ ಒಂದು ಹಳ್ಳಿ. ಕೂಡುಕುಟುಂಬ. ಅಜ್ಜಿ, ದೊಡ್ಡಪ್ಪ, ಅಪ್ಪ ಎಲ್ಲರೂ ಒಂದೇ ಸೂರಿನಡಿ. ನೆಂಟರಿಷ್ಟರ ಮದುವೆಗೆ ಮನೆಮಂದಿಯೆಲ್ಲ ಹೊರಟರೆ ನನಗೆ ಸಿಗುತ್ತಿದ್ದ ಕೆಲಸ ಮನೆ ಕಾಯುವುದು. "ಮನೆ ಬುಟ್ಟು ಎಲ್ಲಾ ಓದ್ರೆ ಆಯ್ತದಾ, ಒಬ್ರು ಇರ್ಬೇಕಲ್ಲವ್ವಾ," ಎನ್ನುತ್ತಿದ್ದಳು ಅಜ್ಜಿ. ಆ ಒಬ್ಬರು ಯಾವಾಗಲೂ ನಾನೇ ಆಗಿರುತ್ತಿದ್ದೆ. ಕಳ್ಳರು ಬಂದಿದ್ದರೆ ನಾನೇನು ಓಡಿ ಹಿಡಿಯುತ್ತಿದ್ದೆನೋ ದೇವರಿಗೇ ಗೊತ್ತು.

ನನಗೆ ಇಪ್ಪತ್ತನಾಲ್ಕು ತುಂಬಿದ ವರ್ಷ ತಮ್ಮನಿಗೆ ಮದುವೆಯಾಯಿತು. ಬೀಗರೂಟ ನಮ್ಮ ಮನೆಯ ಮುಂದೆಯೇ. ಹಿಂದಿನ ದಿನ ಅಪ್ಪ ನನ್ನ ಹತ್ತಿರ ಬಂದು, "ನಾಳೀಕೆ ಮೊದಲ್ನೇ ಪಂಕ್ತೀಲಿ ಕುಂತ್ಕೊ ಕಣವ್ವ," ಎಂದ. ಅಷ್ಟೇ. ನನಗೆ ಕಿವಿಯನ್ನೇ ನಂಬಲಾಗಲಿಲ್ಲ. ರೇಷ್ಮೆ ಸೀರೆ ಉಟ್ಟೆ. ಕಾಲಿನ ಕಬ್ಬಿಣದ ಪಟ್ಟಿ ಮುಚ್ಚುವ ಹಾಗೆ ನೆರಿಗೆ ಇಳಿಬಿಟ್ಟೆ. ಇಡೀ ಸಾಲಿಗೆ ಟೇಬಲ್ಲು ಹಾಕಿದ್ದರು. ಬೀಗರ ಮನೆಯ ಹೆಂಗಸರು ಎದುರಿಗೆ ಕೂತು, ಹೆಸರೇನು, ಏನು ಓದಿದ್ದೀಯ ಎಂದು ಮಾತಾಡಿಸಿದರು. ಹಾಗೆ ಹತ್ತು ಜನರ ನಡುವೆ ಕೂತು ಉಂಡದ್ದು ಅದೇ ಮೊದಲು. ಸಾಲಿನ ಕೊನೆಯಲ್ಲಿ ಖಾಕಿ ಅಂಗಿಯವರೊಬ್ಬರು ಕೈಕಟ್ಟಿ ನಿಂತಿದ್ದು ಕಂಡಿತು. ಅಡುಗೆಯವರ ಪೈಕಿ ಯಾರೋ ಎಂದುಕೊಂಡೆ.

ಕೈ ತೊಳೆಯಲು ಹೋದಾಗ ದೊಡ್ಡಪ್ಪ ಎದುರಾದರು. ಎಲೆಅಡಿಕೆ ಹಾಕಿಕೊಂಡು ಒಳ್ಳೆಯ ಗೆಲುವಿನಲ್ಲಿದ್ದರು. "ನಿನ್ ದೆಸೆಯಿಂದ ಶಾಮಿಯಾನ ಬಿಟ್ಟಿ ಸಿಕ್ತು ಕಣವ್ವ. ಅಂತೂ ನಿನ್ ಕಾಲೂ ಒಂದ್ ದಿನ ಕೆಲ್ಸಕ್ ಬಂತು!" ಎಂದು ನಕ್ಕರು. ಯಾವ ಅಂಗಡಿ, ಏನು ಕರಾರು, ಎಲ್ಲವನ್ನೂ ಬಿಡಿಸಿ ಹೇಳಿದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ಅವರದು, ಸಂತೋಷ ತಡೆಯಲಾಗಲಿಲ್ಲ.

ನನ್ನನ್ನು ಕೂರಿಸಿದ್ದು ನಾನು ಬೇಕು ಎಂದಲ್ಲ, ಬಾಡಿಗೆ ಉಳಿಯುತ್ತದೆ ಎಂದು. ಅಪ್ಪನಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಅಂದಿನಿಂದ ಅವನ ಜೊತೆ ಮಾತು ಕಡಿಮೆ ಮಾಡಿದೆ. "ಊಟ ಆಯ್ತಾ?" ಎಂದರೆ "ಹೂ". "ಸ್ಕೂಲಿಗೆ ಓಯ್ತೀಯಾ?" ಎಂದರೆ "ಹೂ". ಅವನೂ ಏನು ವಿಷಯ ಎಂದು ಕೇಳಲಿಲ್ಲ, ಸಮಜಾಯಿಷಿ ಕೊಡಲೂ ಇಲ್ಲ. ಎಂಟು ವರ್ಷ ಹೀಗೇ ನಡೆದು, ಒಂದು ದಿನ ಹೊಲದಲ್ಲಿ ಎದೆನೋವು ಬಂದು ಅಪ್ಪ ಹೋಗಿಬಿಟ್ಟ. ಕೊನೆಗೂ ನಾನು ಅವನಿಗೆ ಹೇಳಿದ ಮಾತು "ಹೂ" ಎಂಬುದೇ.

ಅಪ್ಪನಿಗೆ ಬಾಯಿಬಿಟ್ಟು ಬೈಯಲಾಗದ್ದನ್ನೆಲ್ಲ ನಾನು ಇವರಿಗೆ ಬೈದೆ. ತಮ್ಮನ ಮದುವೆಯಾದ ವಾರಕ್ಕೇ ಕೆ.ಆರ್. ಪೇಟೆಗೆ ಹೋಗಿ, ಊರುಗೋಲು ಊರಿಕೊಂಡು ಅಂಗಡಿ ಮೆಟ್ಟಿಲು ಹತ್ತಿ, "ನಾನೇನು ನಿಮ್ಮ ಶಾಮಿಯಾನದ ಬಾಡಿಗೆಯಾ?" ಎಂದು ಕೂಗಾಡಿದೆ. ನೀವು ಕೊಡುತ್ತಿರುವುದು ದಾನವಲ್ಲ, ನಮ್ಮ ಊನಕ್ಕೆ ಬೆಲೆ ಕಟ್ಟುತ್ತಿದ್ದೀರಿ ಎಂದೆ. ಅವರು ಕಿವಿ ಕೆರೆದುಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಊಟ ಎಂಗಿತ್ತವ್ವಾ?" ಎಂದರು. ಮೈ ಉರಿದುಹೋಯಿತು. ಊಟ ಚೆನ್ನಾಗಿತ್ತು ಎಂಬುದು ಬೇರೆ ಮಾತು.

ಆಮೇಲೆ ಮೇಷ್ಟ್ರ ಕೆಲಸ ಸಿಕ್ಕಿತು. ಪೇಟೆಗೆ ಹೋದಾಗೆಲ್ಲ ಎದುರಾಗುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ, ಅವರು ಕರೆದು ಮಾತಾಡಿಸುತ್ತಿದ್ದರು. ಕೋಪವಿದ್ದವರ ಜೊತೆ ಇಷ್ಟು ಮಾತು ನಾನು ಬೇರೆ ಯಾರ ಹತ್ತಿರವೂ ಆಡಿಲ್ಲ.

ಒಂದು ಸಲ ಅವರೇ ನಮ್ಮ ಶಾಲೆಗೆ ಬಂದರು. ಕಂಬ ನೋಡಲಿಲ್ಲ. ಜಗಲಿಯಲ್ಲಿ ಕೂತರು, ಅಡಿಕೆಯನ್ನೂ ಹಾಕಿಕೊಳ್ಳಲಿಲ್ಲ. ಪಾಂಡವಪುರದ ಕಡೆ ಒಂದು ವೀಳ್ಯಶಾಸ್ತ್ರಕ್ಕೆ, ಎಂದರೆ ಮದುವೆ ನಿಶ್ಚಯದ ಊಟಕ್ಕೆ, ಬಿಟ್ಟಿ ಶಾಮಿಯಾನ ಕೊಟ್ಟಿದ್ದರಂತೆ. ಮದುವೆಯ ಹುಡುಗಿಗೆ ಮಾತು ಬಾರದ ತಂಗಿಯೊಬ್ಬಳಿದ್ದಳು. ಗಂಡಿನ ಕಡೆಯವರಿಗೆ ಆ ವಿಷಯವನ್ನು ಹೇಳಿರಲಿಲ್ಲ. ತಂಗಿಯನ್ನು ಸಾಲಿನಲ್ಲಿ ಕೂರಿಸಿ, ಪಕ್ಕದ ಮನೆಯ ಮಗಳು ಎಂದು ಹೇಳಿ ತೇಲಿಸಿಬಿಡುವ ಉಪಾಯ ಮಾಡಿದ್ದರು. ಇವರು ಬಿಟ್ಟಾರೆಯೇ? "ಪಕ್ಕದ್ ಮನೇದಲ್ಲ, ಇದೇ ಮನೇದು. ಎಣ್ಣಿನ ಒಡಹುಟ್ಟಿದೋಳು," ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಗಂಡಿನ ಕಡೆಯವರು ಅರ್ಧ ಊಟಕ್ಕೇ ಎದ್ದರು. ಸಂಬಂಧ ಮುರಿಯಿತು.

"ನಾನ್ ಮಾಡಿದ್ದು ತಪ್ಪಾ ಟೀಚರಮ್ಮ?" ಎಂದರು.

"ತಪ್ಪೇ," ಎಂದೆ. "ಆ ಹುಡುಗಿ ಬದುಕು ಏನಾಗ್ಬೇಕು? ನಿಮ್ಮ ಕರಾರಿಗೋಸ್ಕರ ಇನ್ನೊಬ್ಬರ ಮನೆ ಗುಟ್ಟು ಬಯಲಿಗೆ ಹಾಕೋಕೆ ನೀವ್ಯಾರು? ಆ ತಂಗೀನಾದ್ರೂ ಕೇಳಿದ್ರಾ, ಕೂರ್ತೀಯಾ ಅಂತ?"

"ಕೇಳ್ನಿಲ್ಲ," ಎಂದರು. ಎದ್ದು ಹೋದರು.

ಅಂದು ನಾನು ಗೆದ್ದೆ ಎಂದುಕೊಂಡೆ. ರಾತ್ರಿ ಮಲಗಿದ ಮೇಲೆ ಬೇರೆಯೇ ಚಿಂತೆ. ಮದುವೆಯ ಹುಡುಗಿಯ ಬದುಕು ಏನಾಗಬೇಕು ಎಂದು ಕೇಳಿದೆನಲ್ಲ, ಪಕ್ಕದ ಮನೆಯವಳಾಗಿ ಕೂತಿದ್ದ ಆ ತಂಗಿ ಏನಾದಳು ಎಂದು ಯಾಕೆ ಕೇಳಲಿಲ್ಲ? ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವಳು ನಾನು. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಅಕ್ಕನಿಗೆ ಆಮೇಲೆ ಬೇರೆ ಕಡೆ ಮದುವೆಯಾಯಿತು ಎಂದು ಕೇಳಿದೆ. ತಂಗಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅದಾದ ಮೇಲೆ ಅವರು ಕರಾರಿಗೆ ಒಂದು ಮಾತು ಸೇರಿಸಿದರು. ಮನೆಯವರು ಒಪ್ಪಿದರೆ ಸಾಲದು. ತಾವೇ ಹೋಗಿ ಒಳಗೆ ಕೂತವರನ್ನು, "ಕೂರ್ತೀಯವ್ವಾ? ಕೂರ್ತೀಯೇನಪ್ಪಾ?" ಎಂದು ಕೇಳುತ್ತಿದ್ದರು. ಒಲ್ಲೆ ಎಂದರೆ ಬಲವಂತವಿಲ್ಲ. ಆಗಲೂ ಶಾಮಿಯಾನ ಬಿಟ್ಟಿಯೇ.

ಹೋದ ವರ್ಷ ಅವರಿಗೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಅಂಗಡಿಯನ್ನು ಅಳಿಯ ನೋಡಿಕೊಳ್ಳತೊಡಗಿದ. ಅಷ್ಟರಲ್ಲಿ ನಾನು ಕೆ.ಆರ್. ಪೇಟೆಯಲ್ಲಿ ಎರಡು ಕೋಣೆಯ ಒಂದು ಮನೆ ಕಟ್ಟಿಸಿದ್ದೆ. ಗೃಹಪ್ರವೇಶಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಅವರ ಮನೆಗೆ ಹೋದೆ. ಕೋಪವಿದ್ದವರನ್ನು ಯಾಕೆ ಕರೆಯಲು ಹೋದೆ? ಕರೆಯದಿದ್ದರೆ ಮನೆ ಮನೆಯಾಗುವುದಿಲ್ಲ ಎನಿಸಿತು.

ಅವರು ಒಳಕೋಣೆಯಲ್ಲಿದ್ದರು.

"ಬರಾಕಾಗಕಿಲ್ಲ ಕಣವ್ವ," ಎಂದರು. ಮಾತು ತೊದಲುತ್ತಿತ್ತು.

"ಆಟೋ ಕಳಿಸ್ತೀನಣ್ಣ."

"ಆಟೋ ಅಲ್ಲ." ಎಡಗೈ ಎತ್ತಿ ತೋರಿಸಿದರು. "ಇದ್ರಲ್ಲಿ ಉಣ್ಣಬೇಕು. ಜನದ ಮುಂದೆ, ಪಂಕ್ತೀಲಿ, ಎಡಗೈಲಿ ಎಂಗವ್ವಾ ಉಣ್ಣದು? ಎದುರಿಗಿರೋರಿಗೆ ಅನ್ನ ಸೇರ್ತದಾ?"

ನನಗೆ ಸಿಟ್ಟು ನೆತ್ತಿಗೇರಿತು. ಸಾವಿರ ಜನರ ಮುಂದೆ ಜೊಲ್ಲು ಸುರಿಸುವ ಮಕ್ಕಳನ್ನು ಕೂರಿಸಿದ ಮನುಷ್ಯ ಆಡುವ ಮಾತೇ ಇದು? "ಊರಿಗೆಲ್ಲ ಬುದ್ಧಿ ಹೇಳಿದ್ರಿ. ನನ್ನನ್ನ ಬೀಗರ ಎದುರಿಗೆ ಕೂರಿಸಿದೋರು ನೀವು. ಈಗ ನೀವೇ ಒಳಗೆ ಕೂತ್ರೆ?" ಎಂದೆ.

ಅವರು ಎಡಗೈಯಿಂದ ಬಾಯಿಯ ಅಂಚು ಒರೆಸಿಕೊಂಡರು.

"ನಿನ್ನ ಕೂರ್ಸಿದ್ದು ನಾನಲ್ಲ ಕಣವ್ವ. ನಿಮ್ಮಪ್ಪ."

ಆಮೇಲೆ ನಿಂತು ನಿಂತು, ಪದಕ್ಕೊಂದು ಉಸಿರು ತೆಗೆದುಕೊಂಡು ಹೇಳಿದರು. ನನ್ನ ತಮ್ಮನ ಮದುವೆಗೆ ಮೊದಲು ಅವರಲ್ಲಿ ಯಾವ ಕರಾರೂ ಇರಲಿಲ್ಲವಂತೆ. ಒಳಗೆ ಕೂತವರ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲವಂತೆ. ಅಪ್ಪ ಬಂದು, ಬಾಡಿಗೆ ಪೂರ್ತಿ ಕೈಯಲ್ಲಿಟ್ಟು, ಒಂದು ಸಹಾಯ ಕೇಳಿದ. "ನಮ್ಮವ್ವ, ನಮ್ಮಣ್ಣ ಮಗಳ್ನ ಬೀಗರ ಮುಂದೆ ಕೂರ್ಸಾಕೆ ಒಪ್ತಾ ಇಲ್ಲ ಕಣಣ್ಣ. ಬಿಟ್ಟಿ ಸಿಕ್ತದೆ ಅಂದ್ರೆ ಬಾಯ್ಮುಚ್ಕಂಡು ಒಪ್ತಾರೆ. ನೀನು ಬಿಟ್ಟಿ ಕೊಟ್ಟಿವ್ನಿ ಅನ್ನು. ಮಗಳು ಮೊದಲ್ನೇ ಪಂಕ್ತೀಲಿ ಕೂರ್ಬೇಕು ಅಂತ ನಿಂದೇ ಕರಾರು ಅನ್ನು. ಬಂದು ಒಸಿ ನಿಂತ್ಕೊ, ಅವ್ರು ಎಬ್ಬಿಸ್ಬುಟ್ಟಾರು."

ಇವರು ಹೂ ಎಂದರು. ಬಂದು ನಿಂತರು. ದೊಡ್ಡಪ್ಪ ಸುಮ್ಮನಿರುವ ಗಿರಾಕಿಯೇ? ಬಿಟ್ಟಿ ಸಿಕ್ಕಿತು ಎಂದು ಹೋದಲ್ಲೆಲ್ಲ ಡಂಗುರ ಸಾರಿದರು. ಸ್ವಲ್ಪ ದಿನಕ್ಕೇ ಬೂಕನಕೆರೆಯವರೊಬ್ಬರು ಬಂದು, ನಮ್ಮನೆಯಲ್ಲೂ ಕಣ್ಣು ಕಾಣದ ಚಿಕ್ಕಪ್ಪ ಇದ್ದಾನೆ, ನಮಗೂ ಬಿಟ್ಟಿ ಕೊಡಿ ಎಂದು ಕೂತರು.

"ಇಲ್ಲ ಅಂದ್ರೆ ನಿಮ್ಮಪ್ಪನ ಸುಳ್ಳು ಈಚೆ ಬೀಳ್ತದೆ. ಕೊಟ್ಟೆ. ಇನ್ನೊಬ್ಬ ಬಂದ. ಕೊಟ್ಟೆ. ಅವ್ರು ಉಣ್ಣದ ನೋಡ್ತಾ ನೋಡ್ತಾ ನಂಗೂ ಅದೇ ಚಟ ಆಗ್ಬುಡ್ತು."

"ನಾನು ಅಂಗಡಿಗೆ ಬಂದು ಅಷ್ಟೆಲ್ಲ ಬೈದೆ. ಆಗ್ಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ನಿಮ್ಮಪ್ಪನ್ನ ಕೇಳ್ದೆ, ಯೋಳ್ಬುಡ್ಲಾ ಅಂತ. ಬ್ಯಾಡ ಅಂದ. ಬಿಟ್ಟಿ ಆಸೆ ತೋರುಸ್ದೆ ಇದ್ದಿದ್ರೆ ಒಳಗೇ ಮಡಗ್ತಿದ್ರು ಅಂತ ಗೊತ್ತಾದ್ರೆ, ಅಜ್ಜಿ ದೊಡ್ಡಪ್ಪನ್ ಜೊತೆ ಒಂದೇ ಮನೇಲಿ ಎಂಗಿರ್ತಾಳೆ? ಅವಳಿಗೆ ಇರೋದು ಅದೊಂದೇ ಮನೆ. ಕೋಪ ನಮ್ಮಿಬ್ರ ಮ್ಯಾಲೆ ಇರ್ಲಿ, ತಡ್ಕಳ್ಳನ. ಅಂಗಂದ."

ನಾನು ಕುಂಕುಮ ಕೊಡುವುದನ್ನೂ ಮರೆತು ಹೊರಗೆ ಬಂದೆ. ಪಕ್ಕದ ಚಕ್ರವಿರುವ ನನ್ನ ಸ್ಕೂಟರಿನ ಮೇಲೆ ಕೂತೆ. ಎಂಟು ವರ್ಷ "ಹೂ" ಎಂದೆನಲ್ಲ. ಒಂದು ಮಾತು ಹೇಳಬಾರದಿತ್ತೇ ಅಪ್ಪ? ಅಲ್ಲೇ, ಬೀದಿಯಲ್ಲೇ, ಹೋಗಿಬರುವ ಜನ ನೋಡುತ್ತಿದ್ದರೂ ಅತ್ತೆ.

ಹತ್ತು ನಿಮಿಷ ಬಿಟ್ಟು ಸ್ಕೂಟರ್ ಹೊರಟಿತು. ಬೀದಿಯ ತಿರುವು ದಾಟುವ ಮೊದಲೇ ಇನ್ನೊಂದು ಯೋಚನೆ ಬಂದು ಕುಕ್ಕಿತು. ಅಳುತ್ತಿದ್ದ ತಾಯಿಗೆ, ಇಲ್ಲದ ಮಗನನ್ನು ಹುಟ್ಟಿಸಿ ಹೇಳಿದ್ದು ಇದೇ ಬಾಯಿ ಅಲ್ಲವೇ? ಪೂಜಾರಿಗೆ ಹರಕೆ, ಸಂಘದವರಿಗೆ ಬೂಷ್ಟು. ಯಾರಿಗೆ ಎಲ್ಲಿ ನೋವು ಎಂದು ಹುಡುಕಿ, ಅಲ್ಲಿಗೇ ಔಷಧಿ ಹಚ್ಚುವ ಮನುಷ್ಯ. ನನಗೆ ಬೇಕಾಗಿದ್ದದ್ದು ಅಪ್ಪ. ಅಪ್ಪನನ್ನೇ ಮಾಡಿ ಕೊಟ್ಟರೋ ಏನೋ!

ಗೃಹಪ್ರವೇಶದ ದಿನ ಬೆಳಿಗ್ಗೆ, ಇನ್ನೂ ಯಾರೂ ಬಂದಿರಲಿಲ್ಲ, ಅಳಿಯನ ಆಟೋದಲ್ಲಿ ಬಂದರು. ಕೋಲೂರಿಕೊಂಡು ಶಾಮಿಯಾನದ ಕೆಳಗೆ ನಿಂತು, ಒಂದು ಕಣ್ಣು ಮುಚ್ಚಿ ಕಂಬ ನೋಡಿ, ಅಳಿಯನಿಗೆ ಬೈದು, ಹಗ್ಗ ಬಿಗಿಸಿದರು. ಊಟಕ್ಕೆ ಮುಂಚೆ ಹೊರಟು ನಿಂತರು. "ಕೂರ್ತೀರಾ ಅಣ್ಣ?" ಎಂದು ಕೇಳಿದೆ. ತಲೆಯಾಡಿಸಿದರು, ಇಲ್ಲ ಎಂದು. ಬಲವಂತ ಮಾಡಲಿಲ್ಲ. ಒಲ್ಲೆ ಎಂದವರನ್ನು ಬಿಡಬೇಕು ಎಂದು ಅವರಿಗೆ ಹೇಳಿದವಳು ನಾನೇ. ಆದರೂ ಆವತ್ತು ಕೈಹಿಡಿದು ಎಳೆದು ಕೂರಿಸಬೇಕಿತ್ತೇನೋ ಎಂದು ಈಗ ಅನಿಸುತ್ತದೆ.

ಆಷಾಢದಲ್ಲಿ ಅವರು ತೀರಿಕೊಂಡ ಮೇಲೆ ನಿಜ ಹುಡುಕಲು ಹೊರಟೆ. ಅವ್ವನನ್ನು ಕೇಳಿದರೆ, "ಗಂಡಸ್ರ ಯವ್ವಾರ ನಂಗೇನ್ ಗೊತ್ತವ್ವ, ಬಿಟ್ಟಿ ಅಂದ್ರು, ಬಿಟ್ಟಿ ಅಂದ್ಕಂಡೆ," ಎಂದಳು. ತಮ್ಮನೂ ಅದನ್ನೇ ಹೇಳಿದ. ಇನ್ನೇನು ಹೇಳಿಯಾನು, ಸುಳ್ಳಾಗಿದ್ದರೂ ನಿಜವಾಗಿದ್ದರೂ ಮನೆಯಲ್ಲಿ ಅಪ್ಪ ಹೇಳಿದ್ದು ಅದನ್ನೇ. ಹನ್ನೊಂದನೇ ದಿನದ ತಿಥಿಗೆ ಹೋದಾಗ ಅವರ ಹೆಂಡತಿಯನ್ನು ಕೇಳಿದೆ. "ಮೊದ್ಲಿಂದ್ಲೂ ಅಂಗೇ ಕೊಡ್ತಿದ್ರು ಅನ್ಸುತ್ತೆ. ಇಲ್ಲಾ ಆಮ್ಯಾಲೆ ಸುರು ಮಾಡುದ್ರಾ? ಗ್ಯಾಪ್ಕ ಬತ್ತಾ ಇಲ್ಲ ಕಣವ್ವ," ಎಂದು ಅವರೇ ಗೊಂದಲಕ್ಕೆ ಬಿದ್ದರು. ಬೂಕನಕೆರೆಯ ಆ ಮನೆಯನ್ನೂ ಹುಡುಕಿಕೊಂಡು ಹೋದೆ. ಕಣ್ಣು ಕಾಣದ ಚಿಕ್ಕಪ್ಪ ಈಗ ಹಣ್ಣು ಮುದುಕ. ಬಿಟ್ಟಿ ಶಾಮಿಯಾನ, ಬೀಗರೂಟ, ಮೂಳೆ ಐತೆ ಹುಷಾರು ಎಂದದ್ದು, ಎಲ್ಲವೂ ನೆನಪಿದೆ. "ನಿಮ್ ತಮ್ಮನ್ ಮದ್ವೆಗೆ ಮುಂಚ್ಲಾ, ಆಮ್ಯಾಲ್ಲಾ ಅಂದ್ರೆ ಎಂಗ್ ಯೋಳ್ಲವ್ವಾ? ಮಾವಿನ್ ಅಣ್ಣಿನ ಕಾಲ. ವಾಸ್ನೆ ಬತ್ತಿತ್ತು." ತಮ್ಮನ ಮದುವೆಯೂ ಮಾವಿನ ಹಣ್ಣಿನ ಕಾಲದಲ್ಲೇ.

ಮೊನ್ನೆ ಪಿತೃಪಕ್ಷದಲ್ಲಿ ಊರಿಗೆ ಹೋಗಿದ್ದೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುವುದು. ಅಪ್ಪನ ಎಡೆಗೆ ನಾನು ಒಂದು ವರ್ಷವೂ ಕೈ ಹಾಕಿದವಳಲ್ಲ, ತಮ್ಮನೇ ಇಡುತ್ತಿದ್ದ. ಈ ಸಲ ನಾನೇ ಮುದ್ದೆ ಕಟ್ಟಿದೆ, ನಾನೇ ಸಾರು ಬಿಟ್ಟೆ. ಅಪ್ಪನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ, ಅದಕ್ಕೂ ಮುದ್ದೆ, ಸಾರು, ಒಂದು ಹಿಡಿ ಅಡಿಕೆ ಇಟ್ಟೆ.

ತಮ್ಮ ಕಣ್ಣು ಬಿಟ್ಟ. "ಇದ್ಯಾರಿಗಕ್ಕ?"

ಹೇಳಿದೆ.

"ಅವರೇನು ನಮ್ಮ ಕುಲದೋರಾ, ನೆಂಟ್ರಾ? ಕಂಡೋರಿಗೆಲ್ಲಾ ನಮ್ಮನೇಲಿ ಎಡೆ ಇಡ್ತಾರಾ? ಜನ ಏನಂದಾರು?"

"ಇರ್ಲಿ ಬುಡ್ಲಾ," ಎಂದೆ. "ಇಬ್ರಲ್ಲಿ ಯಾರೋ ಒಬ್ರು ಸುಳ್ಳು ಹೇಳವ್ರೆ. ಪಕ್ಕಪಕ್ಕದಲ್ಲಿ ಕುಂತು ಉಂಡು, ಅವರವರೇ ತೀರ್ಮಾನ ಮಾಡ್ಕಳ್ಲಿ."

ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ಬಂದು ಕೂತೆವು.